ಖಾಲಿ ವಿಮಾನ ಕಾಡು ದಾಟಿದ ದಿನ

ಖಾಲಿ ಗಾಡಿ ಕಾಡು ದಾಟಬಾರದು ಎಂದು ನಮ್ಮ ಕಡೆಯ ಡ್ರೈವರುಗಳಲ್ಲಿ ಒಂದು ಮಾತಿದೆ. ಕೇರಳದಲ್ಲಿ ತರಕಾರಿ ಇಳಿಸಿ ಬಂಡೀಪುರದ ಮೇಲೆ ವಾಪಸು ಬರುವಾಗ ಹಿಂದೆ ಏನೂ ಇಲ್ಲದಿದ್ದರೆ ಒಂದು ಕಲ್ಲನ್ನಾದರೂ, ಒಂದು ಹಿಡಿ ಹುರುಳಿಯನ್ನಾದರೂ ಇಟ್ಟುಕೊಳ್ಳಬೇಕಂತೆ. ಇಲ್ಲದಿದ್ದರೆ ಖಾಲಿ ಜಾಗ ನೋಡಿ ಯಾರಾದರೂ ಹತ್ತಿ ಕೂರುತ್ತಾರಂತೆ. ಮೂವತ್ತು ವರ್ಷ ಆ ರಸ್ತೆಯಲ್ಲಿ ಟೆಂಪೋ ಓಡಿಸಿದವನು ನಾನು. ಈ ಮಾತು ಹೇಳಿದವರನ್ನೆಲ್ಲ ಆಡಿಕೊಂಡು ನಕ್ಕಿದ್ದೇನೆ. ಹತ್ತುವುದಿದ್ದರೆ ಹತ್ತಲಿ, ಡೀಸೆಲ್ ಕಾಸು ಕೊಟ್ಟು ಇಳಿಯಲಿ ಎನ್ನುತ್ತಿದ್ದೆ. ಈಗ ನಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಧೈರ್ಯ ಬಂದದ್ದು ನನ್ನ ಮೊಮ್ಮಗಳಿಂದ. ಮುಂದಿನ ತಿಂಗಳಿಗೆ ಅವಳಿಗೆ ಮೂರು ತುಂಬುತ್ತದೆ. ನಿನ್ನೆ ಫೋನಿನಲ್ಲಿ, ತಾತ ನಿನ್ನ ಗಾಡಿಗೆ ಎಷ್ಟು ಚಕ್ರ ಎಂದು ಕೇಳಿದಳು. ನಾಲ್ಕು ಕಣವ್ವ ಎಂದೆ. "ಸುಳ್ಳು ತಾತ, ಐದು. ಒಂದ ಬಚ್ಚಿಟ್ಟಿದ್ದೀಯೆ" ಎಂದಳು. ಸ್ಟೆಪ್ನಿಯನ್ನೂ ಲೆಕ್ಕ ಹಿಡಿದಿದೆ ನೋಡಿ ಮಗು. ಬೆಳಿಗ್ಗೆಯಿಂದ ಇದನ್ನು ಏಳು ಜನಕ್ಕೆ ಹೇಳಿದ್ದೇನೆ, ನೀವು ಎಂಟನೆಯವರು. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದವಳು ಮಾತ್ರ ಇಲ್ಲ.

ಅವಳು ನನ್ನ ಹೆಂಡತಿ ದುಂಡಮ್ಮ. ಸಂತೆಮರಹಳ್ಳಿಯ ಹೆಣ್ಣು, ಹೆಸರಷ್ಟೇ ದುಂಡು, ಮೈ ಸಣ್ಣದು. ಮಗಳು ಶೋಭಳ ಮದುವೆಯಾಗಿ ಮನೆ ಬರಿದಾದ ಮೇಲೆ ಅವಳೂ ನನ್ನ ಜೊತೆ ಗಾಡಿಯಲ್ಲಿ ಬರತೊಡಗಿದಳು. ಹೋಗುವಾಗ ತರಕಾರಿ ಮೂಟೆಗಳ ಮೇಲೆ ಕಣ್ಣು, ಬರುವಾಗ ಕಾಡಿನ ಮೇಲೆ ಕಣ್ಣು. ಆ ಡ್ರೈವರುಗಳ ಮಾತನ್ನು ಅವಳು ನಂಬುತ್ತಿದ್ದಳು. ಆದರೆ ಕಲ್ಲು, ಹುರುಳಿ ಏನನ್ನೂ ಇಡಗೊಡುತ್ತಿರಲಿಲ್ಲ. ಎಡಗಡೆ ಸೀಟಿನಲ್ಲಿ ಸೆರಗು ಹೊದ್ದು ಗಟ್ಟಿಯಾಗಿ ಕೂತು, "ಇದೇನ್ ಖಾಲಿ ಗಾಡಿ ಅಲ್ಲ ಕನ. ನಾನೇ ಲೋಡು, ನಡಿ" ಎನ್ನುತ್ತಿದ್ದಳು. ಚೆಕ್‌ಪೋಸ್ಟಿನವರು ಲೋಡ್ ಏನು ಎಂದು ಕೇಳಿದರೂ ಅದೇ ಉತ್ತರ. ಅವರೂ ನಕ್ಕು ಗೇಟು ಎತ್ತುತ್ತಿದ್ದರು.

ಶೋಭಳ ಗಂಡ ಮಹೇಶ ನಮ್ಮ ತೆರಕಣಾಂಬಿ ಕಡೆಯವನೇ. ಕೊಚ್ಚಿಯ ಮಾರುಕಟ್ಟೆಯಲ್ಲಿ ನಮ್ಮ ಕಡೆಯ ತರಕಾರಿ ಇಳಿಸಿಕೊಂಡು ಮಾರುತ್ತಾನೆ. ಮದುವೆಯಾಗಿ ಹನ್ನೊಂದು ವರ್ಷ ಅವರಿಗೆ ಮಕ್ಕಳಾಗಲಿಲ್ಲ. ದುಂಡಮ್ಮ ಆಸೆ ಬಿಟ್ಟವಳಲ್ಲ. ಚಾಮರಾಜನಗರದ ಅಂಗಡಿಯಲ್ಲಿ ತೆಗೆದ ಒಂದು ನೀಲಿ ನೂಲಿನ ಸೀರೆಯನ್ನು ಉಟ್ಟು, ಒಗೆದು, ಉಟ್ಟು, ಒಗೆದು ಬೆಣ್ಣೆಯಷ್ಟು ಮೆತ್ತಗೆ ಮಾಡಿ, ಬೇವಿನ ಸೊಪ್ಪಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಹಸುಗೂಸಿಗೆ ಹೊಸ ಬಟ್ಟೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಮೊದಲು ಅಜ್ಜಿಯ ಹಳೆಯ ಸೀರೆಯಲ್ಲೇ ಸುತ್ತಬೇಕು. ಎಲ್ಲಿಟ್ಟಿದ್ದೀಯೆ ಎಂದು ನನಗೂ ಹೇಳಿರು ಎಂದದ್ದಕ್ಕೆ, "ನೀನು ಮರ್ತ್‌ಬುಡ್ತೀಯೆ. ಮಗು ಹುಟ್ದಾಗ ನಾನೇ ತಕ್ಕ ಓಯ್ತೀನಿ" ಎಂದು ಮೂತಿ ತಿರುವಿದ್ದಳು. ಅದಾದ ಎರಡು ವರ್ಷಕ್ಕೆ ಜ್ವರ ಬಂತು, ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ಅವಳು ನಡೆದುಕೊಂಡು ಬರಲಿಲ್ಲ. ಶೋಭ ಬಸುರಿ ಎಂಬ ಸುದ್ದಿ ಬಂದದ್ದು ಅವಳು ಹೋದ ಮರುವರ್ಷ.

ಆಗ ನಾನು ದೂರದ ಓಡಾಟ ಕಡಿಮೆ ಮಾಡಿ, ಚಿಕ್ಕ ಗಾಡಿಯಲ್ಲಿ ಕಾಡಿನಂಚಿನ ಒಂದು ರೆಸಾರ್ಟಿಗೆ ತರಕಾರಿ ಹಾಕುತ್ತಿದ್ದೆ. ಮಳೆಗಾಲ. ಚೆಂಡು ಹೂವು ಅರಳಿ ನಿಂತಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯ ಹಿಂದೆ ಕೋಸು ಇಳಿಸುತ್ತಿರುವಾಗ ಮಹೇಶನ ಫೋನು ಬಂತು. ಶೋಭಳಿಗೆ ಎಂಟನೇ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿದೆ, ಹೆಣ್ಣು ಮಗು, ಅಂಗೈಯಷ್ಟಿದೆ, ಮೈಯಲ್ಲಿ ಕಾವು ನಿಲ್ಲುತ್ತಿಲ್ಲ ಎಂದ. ತಾಯಿಯ ಎದೆಗೆ ಮಗುವನ್ನು ಬಟ್ಟೆಯಿಂದ ಕಟ್ಟಿ ಕಾವು ಕೊಡಬೇಕು, ಈ ರಾತ್ರಿ ಕಳೆಯಲಿ ನೋಡೋಣ ಎಂದಿದ್ದಾರಂತೆ ಡಾಕ್ಟರು. ಫೋನು ಶೋಭಳ ಕೈಗೆ ಹೋಯಿತು. ಅವಳ ದನಿ ನೂಲಿನಷ್ಟಿತ್ತು.

"ಅಪ್ಪ, ಅವ್ವನ ಸೀರ ತಕ್ಕಬಾ. ಇಲ್ಲಿ ಕೊಡ ಬಟ್ಟ ಬ್ಯಾಡ ನನ್ ಮಗೀಗ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ವಾರ ಕೇರಳಕ್ಕೆ ಇಳಿಯುವ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿತ್ತು. ಚಾಮರಾಜನಗರದ ಮೇಲೆ ಪುಣಜನೂರು ದಾಟಿ ಸತ್ಯಮಂಗಲದ ಕಡೆಯಿಂದ ಸುತ್ತಿ ಹೋಗಬೇಕು. ಎಷ್ಟು ಓಡಿಸಿದರೂ ಕೊಚ್ಚಿ ಮುಟ್ಟುವುದು ಮಾರನೆಯ ದಿನ.

ರೆಸಾರ್ಟಿನ ಮ್ಯಾನೇಜರ್ ನಮ್ಮ ಸೀಮೆಯ ಹುಡುಗ, ಒಳ್ಳೆಯವನು. ವಿಷಯ ಕೇಳಿಕೊಂಡು ಒಳಗೆ ಹೋಗಿ, ಹತ್ತು ನಿಮಿಷ ಬಿಟ್ಟು ಬಂದವನು ನನ್ನ ಹೆಗಲು ಮುಟ್ಟಿ, "ಯಜಮಾನ್ರೆ, ಏಳಿ. ಕೊಚ್ಚಿ ಸಾಹುಕಾರ್ರು ಬಂದವ್ರಲ್ಲ, ಅವ್ರು ಇಮಾನ ಬಾಡ್ಗಗ ತಕ್ಕಂಡು ಬಂದವ್ರೆ. ಅದು ಸಂಜಗ ಮೈಸೂರಿಂದ ಖಾಲಿ ವಾಪಸ್ ಓಯ್ತದ. ನೀವು ಕೂತ್ಕಂಡ್ ಓಗಿ ಅಂತಾವ್ರೆ" ಎಂದ. ನನಗೆ ತಮಾಷೆ ಅನ್ನಿಸಿತು. ಬಾಗಿಲ ಹತ್ತಿರ ಸಾಹುಕಾರರೂ ಅವರ ಮನೆಯವರೂ ನಿಂತಿದ್ದರು. ಆಯಮ್ಮನ ಕಣ್ಣು ಒದ್ದೆಯಾಗಿತ್ತು. ಅವರಿಗೂ ಒಂದು ಮಗು ದಿನ ತುಂಬದೆ ಹುಟ್ಟಿತ್ತಂತೆ.

ಎಷ್ಟು ಕೊಡಬೇಕು ಎಂದು ಕೇಳಿದೆ. ಬಾಡಿಗೆ ಕೇಳದೆ ಗಾಡಿ ಹತ್ತುವ ಅಭ್ಯಾಸ ನನಗಿಲ್ಲ. ಮ್ಯಾನೇಜರ್ ಅವರನ್ನು ಕೇಳಿ ಕೇಳಿ ವಿವರಿಸಿದ. ಗಂಟೆಗೆ ಇಷ್ಟು ಲಕ್ಷ ಎಂದು ಬಾಡಿಗೆ. ಇಳಿಯುವ ಕಡೆ ನಿಲ್ದಾಣಕ್ಕೆ ಬೇರೆ, ನಿಂತರೆ ನಿಂತದ್ದಕ್ಕೆ ಬೇರೆ, ಓಡಿಸುವವರ ಊಟ ವಸತಿ, ಎಲ್ಲದರ ಮೇಲೆ ತೆರಿಗೆ. ಇವರು ಎರಡು ದಿನ ಇಲ್ಲಿರುತ್ತಾರೆ. ವಿಮಾನಕ್ಕೆ ನಾಳೆ ಕೊಚ್ಚಿಯಲ್ಲಿ ಬೇರೆ ಬಾಡಿಗೆ ಇದೆ, ಅದಕ್ಕೆ ಇವತ್ತು ಖಾಲಿ ಹೋಗುತ್ತದೆ, ಕರೆದೊಯ್ಯಲು ಮತ್ತೆ ಖಾಲಿ ಬರುತ್ತದೆ. ಆ ಖಾಲಿಯ ದುಡ್ಡನ್ನೂ ಇವರೇ ಕಟ್ಟಬೇಕು. ಎಲ್ಲಾ ಸೇರಿ ಹತ್ತು ಲಕ್ಷ ದಾಟುತ್ತದಂತೆ.

"ಇದು ನಮ್ ಟೆಂಪೋ ಲೆಕ್ಕಾನೇ ಅಲ್ವಾ ಸಾ" ಎಂದೆ. "ಖಾಲಿ ವಾಪಸ್ಸಿಗೂ ಬಾಡ್ಗ."

ಮ್ಯಾನೇಜರ್ ಅದನ್ನು ಅವರ ಭಾಷೆಯಲ್ಲಿ ಹೇಳಿದಾಗ ಸಾಹುಕಾರರು ನಕ್ಕು ನನ್ನ ಕೈ ಹಿಡಿದುಕೊಂಡರು.

ರೆಸಾರ್ಟಿನ ಕಾರು ನನ್ನನ್ನು ಗುಂಡ್ಲುಪೇಟೆ ಪಕ್ಕದ ನಮ್ಮೂರಿಗೆ ಕರೆದೊಯ್ದಿತು. ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲದೆ ಮೊದಲು ದುಂಡಮ್ಮನ ಪೆಟ್ಟಿಗೆಯನ್ನೇ ತೆಗೆದೆ. ಸೀರೆ ಅವಳು ಮಡಚಿಟ್ಟ ಹಾಗೇ ಇತ್ತು. ಬಿಡಿಸಲು ಮನಸ್ಸು ಬಾರದೆ ಹಾಗೇ ಒಂದು ಟವಲಿನಲ್ಲಿ ಗಂಟು ಕಟ್ಟಿಕೊಂಡೆ. ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯ ಬಟ್ಟೆ ಹೇಗಿರುತ್ತದೆ ನಿಮಗೇ ಗೊತ್ತು. ತಣ್ಣಗೆ ಕೊರೆಯುತ್ತಿತ್ತು.

ಮೈಸೂರಿನ ವಿಮಾನ ನಿಲ್ದಾಣದಲ್ಲಿ ಆಧಾರ್ ಕಾರ್ಡ್ ನೋಡಿದರು, ನನ್ನ ತೂಕ ಎಷ್ಟೆಂದು ಕೇಳಿ ಬರೆದುಕೊಂಡರು. ಮಂಡಿಯಲ್ಲಿ ಮೂಟೆಯ ತೂಕ ಬರೆಸಿ ಗೊತ್ತು, ನನ್ನದನ್ನೇ ಬರೆಸಿದ್ದು ಅದೇ ಮೊದಲು. ವಿಮಾನ ಚಿಕ್ಕದು, ಎಂಟು ಸೀಟು, ಎದುರುಬದುರು. ಹತ್ತುವಾಗ ಓಡಿಸುವವರ ಕೈಗೆ ಕಾಫಿ ಕಾಸು ಎಂದು ನೂರು ರೂಪಾಯಿ ಕೊಡಹೋದೆ. ಖಾಲಿ ವಾಪಸ್ಸಿನಲ್ಲಿ ಹತ್ತಿದವರು ಡ್ರೈವರಿಗೆ ಕೊಡುವುದು ನಮ್ಮಲ್ಲಿ ನಡೆದುಬಂದ ಮರ್ಯಾದೆ. ಅವರು ಕೈ ಮುಗಿದು, ನನ್ನ ಚೀಲದಲ್ಲಿದ್ದ ಚಿಪ್ಪಿನಿಂದ ಒಂದು ರಸಬಾಳೆ ಮುರಿದುಕೊಂಡರು.

ಒಳಗೆ ನೋಡಿಕೊಳ್ಳಲು ಪಾಲಕ್ಕಾಡು ಕಡೆಯ ಒಬ್ಬಳು ಹುಡುಗಿ ಇದ್ದಳು. ಹಾರುವಾಗ ಗಂಟನ್ನು ಕೈಯಲ್ಲಿ ಹಿಡಿಯಬಾರದು ಎಂದಳು. ಮಾರುಕಟ್ಟೆಯಲ್ಲಿ ಕಲಿತ ಮಲಯಾಳ ನನಗೆ ಅಷ್ಟಿಷ್ಟು ಬರುತ್ತದೆ. ಕಾಲ ಕೆಳಗೆ ಇಡಲು ಮನಸ್ಸಾಗಲಿಲ್ಲ. ಎದುರಿನ ಸೀಟಿನಲ್ಲಿ ಇಟ್ಟು ಬೆಲ್ಟು ಹಾಕಲೇ ಎಂದೆ, ಆಗಲಿ ಎಂದಳು. ನಾನೇ ಪಟ್ಟಿ ಎಳೆದು ಬಿಗಿದೆ. ಮೂವತ್ತು ವರ್ಷ ಲೋಡಿಗೆ ಹಗ್ಗ ಬಿಗಿದ ಕೈ ಇದು. ನಾನು ಬಿಗಿದದ್ದು ದಾರಿಯಲ್ಲಿ ಸಡಿಲವಾದದ್ದಿಲ್ಲ.

ಹಾರಿದ ಸ್ವಲ್ಪ ಹೊತ್ತಿಗೆ ಮೋಡದ ಸಂದಿಯಲ್ಲಿ ಹಳದಿ ಹಳದಿ ತುಂಡುಗಳು ಕಂಡವು, ನಮ್ಮ ಚೆಂಡು ಹೂವಿನ ಹೊಲಗಳು. ಆಮೇಲೆ ಹಸಿರು ಒತ್ತಾಗುತ್ತ ಹೋಯಿತು. ಬಂಡೀಪುರ ಎಂದು ಗೊತ್ತಾಯಿತು. ಆಗ ವಿಮಾನ ಗುಂಡಿ ರಸ್ತೆಗೆ ಬಿದ್ದ ಗಾಡಿಯ ಹಾಗೆ ಕುಲುಕತೊಡಗಿತು. ಹುಡುಗಿ ಮುಂದೆ ಹೋಗಿ ತನ್ನ ಜಾಗದಲ್ಲಿ ಪಟ್ಟಿ ಕಟ್ಟಿ ಕೂತಳು. ನಾನು ಎರಡೂ ಕೈಯಲ್ಲಿ ಸೀಟು ಹಿಡಿದು ಕಣ್ಣು ಮುಚ್ಚಿದೆ. ಏಳು ಸೀಟು ಖಾಲಿ, ಕೆಳಗೆ ಕಾಡು. ಡ್ರೈವರುಗಳ ಆ ಮಾತು ನೆನಪಾಗಿ ಒಳಗೊಳಗೇ ನಗು ಬಂತು.

ಆಮೇಲಿನದನ್ನು ಹೇಗೆ ಹೇಳಲಿ. ಕಣ್ಣು ಮುಚ್ಚಿದ್ದರೂ ಹತ್ತಿರ ಯಾರಾದರೂ ಬಂದು ಕೂತರೆ ಗೊತ್ತಾಗುತ್ತದಲ್ಲ, ಹಾಗೆ ಗೊತ್ತಾಯಿತು. ಎದುರು ಸೀಟು ಭಾರ ಬಿದ್ದ ಹಾಗೆ ಒಂದು ಸಣ್ಣ ಸದ್ದು ಮಾಡಿತು. ಅಷ್ಟೇ. ಮಾತಿಲ್ಲ, ವಾಸನೆಯಿಲ್ಲ. ನನಗೆ ಭಯವಾಗಲಿಲ್ಲ. ರಾತ್ರಿ ಒಂಬತ್ತಕ್ಕೆ ಗೇಟು ಹಾಕುವ ಮೊದಲು ಕಾಡು ದಾಟಬೇಕೆಂದು ಓಡಿಸುತ್ತಿದ್ದ ಸಂಜೆಗಳಲ್ಲಿ, ಎಡಗಡೆ ಅವಳು ತೂಕಡಿಸುತ್ತಿದ್ದರೆ ನನ್ನ ಮನಸ್ಸಿಗೆ ಎಂಥ ನೆಮ್ಮದಿ ಇರುತ್ತಿತ್ತೋ ಅದೇ ನೆಮ್ಮದಿ. ಕಣ್ಣು ಬಿಡೋಣ ಎನ್ನಿಸಿತು. ಬಿಟ್ಟರೆ ಇರುವುದಿಲ್ಲ ಎಂದೂ ಅನ್ನಿಸಿತು. ಬಿಡಲಿಲ್ಲ. ಆ ಒಂದು ತಪ್ಪಿಗೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಕುಲುಕಾಟ ನಿಂತ ಮೇಲೆ ನೋಡಿದೆ. ಗಂಟು ಸೀಟಿನ ಮಧ್ಯದಲ್ಲೇ ಇತ್ತು. ಆದರೆ ನಾನು ಬಿಗಿದಿದ್ದ ಪಟ್ಟಿ ಒಂದು ಮೊಳದಷ್ಟು ಸಡಿಲವಾಗಿ, ಒಬ್ಬ ಸಣ್ಣ ಮೈಯ ಹೆಂಗಸಿನ ಸೊಂಟದ ಅಳತೆಗೆ ಉದ್ದವಾಗಿತ್ತು. ಕೊಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಗಂಟಿನ ಸುತ್ತ ಸೀಟು ತಗ್ಗಾಗಿದ್ದು, ಕೂತವರು ಎದ್ದ ಮೇಲೆ ಉಬ್ಬುವ ಹಾಗೆ ನಿಧಾನವಾಗಿ ಮೇಲೆ ಬರುತ್ತಿತ್ತು. ನೀನೇನಾದರೂ ಪಟ್ಟಿ ಸಡಿಲ ಮಾಡಿದೆಯಾ ಎಂದು ಹುಡುಗಿಯನ್ನು ಕೇಳಿದೆ. ಎದ್ದೇ ಇಲ್ಲ ಎಂದಳು.

ಕೊಚ್ಚಿಯಲ್ಲಿ ಇಳಿದು ಆಸ್ಪತ್ರೆ ಮುಟ್ಟಿದಾಗ ಏಳು ಗಂಟೆ. ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದ ಗಂಟನ್ನು ಮಹೇಶನ ಕೈಗೆ ಕೊಟ್ಟೆ. ಅವನು ಒಳಗೆ ಕೊಂಡುಹೋದ. ನಾನು ಗಾಜಿನ ಬಾಗಿಲ ಆಚೆ ನಿಂತಿದ್ದೆ. ನರ್ಸಮ್ಮ ಸೀರೆ ಬಿಡಿಸಿ, ಕೆನ್ನೆಗೆ ಒತ್ತಿ ನೋಡಿ, ಏನೋ ಕೇಳಿದರು. ಮಹೇಶ ಹೊರಗೆ ಬಂದು, "ಮಾವ, ಇದ ಈಗ್ತಾನೆ ಇಸ್ತ್ರಿ ಮಾಡುಸ್ಕಂಡ್ ಬಂದ್ರಾ? ಇಷ್ಟು ಬೆಚ್ಚಗ ಅದಲ್ಲ, ಅಂತ ಕೇಳ್ತಾವ್ರೆ" ಎಂದ. ಇಲ್ಲವಪ್ಪ ಎಂದೆ.

ಮಗುವನ್ನು ಶೋಭಳ ಎದೆಗೆ ಇಟ್ಟು ಸೀರೆ ಸುತ್ತಿದರು. ಶೋಭ ಸೆರಗಿನ ಅಂಚನ್ನು ಮೂಗಿಗೆ ಹಿಡಿದು ಅತ್ತಳು. "ಅವ್ವ ಈಗ ಉಟ್‌ಬುಟ್ಟು ಬುಚ್ಚಿಕೊಟ್ಟಂಗದ ಕನಪ್ಪ" ಎಂದು ಆಮೇಲೆ ನನಗೆ ಹೇಳಿದಳು. ಆ ರಾತ್ರಿ ಮಗುವಿನ ಮೈ ಕಾವು ಹಿಡಿಯಿತು. ಬೆಳಿಗ್ಗೆ ಡಾಕ್ಟರು ನಕ್ಕರು. ನಾನು ಆಸ್ಪತ್ರೆಯ ಮುಂದಿನ ಅಂಗಡಿಯಲ್ಲಿದ್ದ ಬಿಸ್ಕತ್ತನ್ನೆಲ್ಲ ಕೊಂಡು ದಾರಿಹೋಕರಿಗೆ ಹಂಚಿದೆ. ಮಗುವಿಗೆ ಅವರು ಇಟ್ಟ ಹೆಸರು ಬೇರೆ, ನಾನು ಕರೆಯುವುದು ದುಂಡವ್ವ ಎಂದೇ.

ಡಾಕ್ಟರ ಕೈಗುಣ, ತಾಯಿಯ ಮೈಯ ಕಾವು, ಅದರಿಂದಲೇ ಮಗು ಉಳಿಯಿತು. ಅದರಲ್ಲಿ ನನಗೆ ಅನುಮಾನವಿಲ್ಲ. ಪಟ್ಟಿ ಕುಲುಕಾಟಕ್ಕೆ ಸಡಿಲವಾಗಿರಬಹುದು, ಗಂಟು ನಿಮ್ಮ ತೊಡೆಯ ಕಾವಿಗೆ ಬೆಚ್ಚಗಾಗಿರಬಹುದು ಎಂದು ಮಹೇಶ ಹೇಳುತ್ತಾನೆ. ಓದಿದವನು, ಇರಬಹುದು. ಆದರೆ ಇಳಿಯುವಾಗ ನಾನು ಆ ಪಟ್ಟಿ ಬಿಚ್ಚಿ ಗಂಟು ಎತ್ತಿಕೊಂಡಾಗಲೇ ಅದು ಬೆಚ್ಚಗಿತ್ತಲ್ಲ. ಎ.ಸಿ.ಯ ಗಾಳಿಗೆ ನನ್ನ ಬೆರಳು ಮರಗಟ್ಟಿದ್ದವಲ್ಲ.

ಈಗ ತಿಂಗಳಿಗೊಮ್ಮೆ ಕಾಡಿನಾಚೆ ಕೇರಳದ ಬತ್ತೇರಿಗೆ ಹೂವಿನ ಬಾಡಿಗೆ ಒಪ್ಪಿಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಯಾಕೆ ಎಂದು ಶೋಭ ಬೈಯುತ್ತಾಳೆ. ದುಡ್ಡಿಗಲ್ಲ ಎಂದು ಅವಳಿಗೆ ಹೇಳಿಲ್ಲ. ಹೂವು ಇಳಿಸಿದ ಮೇಲೆ ಹಿಂದಿನ ಹಳೆಯ ಗೋಣಿಚೀಲವನ್ನೂ ಕೊಡವಿ ಅಲ್ಲೇ ಕೊಟ್ಟು, ಪೂರ್ತಿ ಖಾಲಿ ಮಾಡಿಕೊಂಡು ಹೊರಡುತ್ತೇನೆ. ಮೂಲೆಹೊಳೆ ಗೇಟಿನಲ್ಲಿರುವವನು ಹಳೆಯ ಪರಿಚಯ.

"ಲೋಡ್ ಏನದ ಯಜಮಾನ್ರೆ?"

"ಏನೂ ಇಲ್ಲ ಕನಪ್ಪ. ಖಾಲಿ."

"ಒಂದ್ ಕಲ್ಲಾದ್ರೂ ಮಡಿಕಳಿ" ಎಂದು ಅವನು ಛೇಡಿಸುತ್ತಾನೆ. ನಾನು ಬೇಡ ಬುಡು ಎನ್ನುತ್ತೇನೆ.

ಎಡಗಡೆ ಸೀಟಿನ ಪಟ್ಟಿಯನ್ನು ಸಡಿಲವಾಗಿ ಎಳೆದು ಹಾಕಿ, ಕಾಡಿನೊಳಗೆ ನಿಧಾನವಾಗಿ ಓಡಿಸುತ್ತೇನೆ. ಕಣ್ಣು ಮುಚ್ಚುವಂತಿಲ್ಲ, ರಸ್ತೆ ನೋಡಬೇಕು. ಕಾಡಿನ ಈಚೆ ಕಡೆಯ ಗೇಟು ದಾಟಿ ಹೊಲಗಳು ಶುರುವಾದ ಮೇಲೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕೈ ಚಾಚಿ ಆ ಸೀಟನ್ನು ಮುಟ್ಟಿ ನೋಡುತ್ತೇನೆ.

ಇದುವರೆಗೂ ತಣ್ಣಗೇ ಇದೆ.