ಎರಡು ಕಣ್ಣು, ಎರಡು ಬಿಳಿ

ಬೆಳಗ್ಗೆ ಆರೂಮುಕ್ಕಾಲು. ಡಚ್ಚರ ಊರಾದ ಗ್ರೋನಿಂಗನ್ನಿನ ಓಸ್ಟರ್‌ಪೋರ್ಟ್ ಬಡಾವಣೆಯಲ್ಲಿ ಕಡುನೀಲಿ ಕಾರೊಂದರ ಪಕ್ಕ ರಬ್ಬರ್ ಚಾಪೆ ಹಾಸಿ ಫೆನ್ನಾ ವೈಖರ್ಸ್ ಮಂಡಿಯೂರಿದ್ದಾರೆ. ಹಿಂಬಾಗಿಲಿನ ಮೇಲೆ ಗೇಣುದ್ದದ ಗೀರು. ಒದ್ದೆ ಬೆರಳನ್ನು ಅದರುದ್ದಕ್ಕೂ ಎಳೆಯುತ್ತಾರೆ. ಅರ್ಧ ಗೀರು ಮಾಯವಾಗುತ್ತದೆ, ಅರ್ಧ ಹಾಗೇ ಉಳಿಯುತ್ತದೆ.

"ಮಾಯ ಆಗಿದ್ದು ಬರೀ ಮೇಲಿನ ಪದರದ್ದು, ಉಜ್ಜಿದ್ರೆ ಹೋಗುತ್ತೆ. ಉಳಿದಿದ್ದಕ್ಕೆ ಬಣ್ಣ ತುಂಬ್ಬೇಕು" ಎನ್ನುತ್ತಾರೆ. ಆಮೇಲೆ ನೆಲದಿಂದ ಗೀರಿನ ಎತ್ತರವನ್ನು ಗೇಣಿನಲ್ಲಿ ಅಳೆದು ತೀರ್ಪು ಕೊಡುತ್ತಾರೆ. "ಸೈಕಲ್ ಹ್ಯಾಂಡಲ್. ಇನ್ನೂ ಕೆಳಗಿದ್ರೆ ಪೆಡಲ್. ಉದ್ದಕ್ಕೆ ನೇರವಾಗಿ, ಒಂದೇ ಆಳಕ್ಕಿದ್ರೆ ಯಾರೋ ಬೇಕಂತಲೇ ಎಳೆದ ಬೀಗದ ಕೈ. ಅಂಥ ಗೀರಿದ್ದಾಗ ನಾನು ಸಂಸಾರದ ವಿಷ್ಯ ಕೇಳೋದಿಲ್ಲ, ಹವಾಮಾನದ ವಿಷ್ಯ ಮಾತಾಡ್ತೀನಿ."

ಆಕಾಶ ಮೋಡ ಕವಿದು ಬೂದಿ ಬಣ್ಣಕ್ಕಿದೆ. ನಾವೆಲ್ಲ ಬೈದುಕೊಳ್ಳುವ ಈ ಆಕಾಶವೇ ಫೆನ್ನಾ ಅವರ ಅನ್ನ. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಮೆರೆಯುತ್ತದಂತೆ, ಅದರ ನಿಜವಾದ ಗುಣ ತಿಳಿಯುವುದು ಮೋಡ ಕವಿದಾಗಲೇ ಅಂತೆ. ಹಾಗಾಗಿ ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ಬಂದು ಬಣ್ಣ ಕಲಸಿಬಿಡುತ್ತಾರೆ.

ಅವರಿಗೀಗ ಐವತ್ತೊಂಬತ್ತು. ಕಾರಿನ ಗೀರು ಅಳಿಸುವುದೇ ಕಸುಬಾದರೂ ಸ್ವಂತ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಓಡಾಟವೆಲ್ಲ ಮುಂದೆ ಮರದ ಪೆಟ್ಟಿಗೆಯಿರುವ ಮೂರು ಚಕ್ರದ ಸೈಕಲ್ಲಿನಲ್ಲಿ. ಪೆಟ್ಟಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಪುಟ್ಟ ಬಾಟಲಿಗಳಿವೆ. ಅದರಲ್ಲಿ ಬಿಳಿಯೇ ಮೂವತ್ತೊಂದು ಬಗೆ. ನಮ್ಮಂಥವರು ಕಾರು ಕೊಳ್ಳುವಾಗ "ಬಿಳಿ ಇರಲಿ" ಎಂದು ಹೇಳಿ ಎದ್ದು ಬರುತ್ತೇವೆ. ಆ ಮೂವತ್ತೊಂದರಲ್ಲಿ ನಮ್ಮದು ಯಾವುದೆಂದು ಪತ್ತೆ ಹಚ್ಚುವ ತಲೆನೋವು ಫೆನ್ನಾ ಅವರದು.

ಹದಿನೇಳನೆಯ ವಯಸ್ಸಿಗೆ ಊರಾಚೆಯ ದೊಡ್ಡ ಗ್ಯಾರೇಜಿನಲ್ಲಿ ಬಣ್ಣ ಕಲಸಲು ಸೇರಿದವರು ಇಪ್ಪತ್ತೆರಡು ವರ್ಷ ಅಲ್ಲೇ ದುಡಿದರು. ಆಮೇಲೆ ಬಣ್ಣ ಓದುವ ಯಂತ್ರ ಬಂತು, ಫೆನ್ನಾ ಹೊರಗೆ ಬಂದರು. "ಯಂತ್ರದ ಮೇಲೆ ಸಿಟ್ಟಿಲ್ಲ. ಆದ್ರೆ ಅದು ಕಾರ್ಖಾನೆಯ ಬಣ್ಣ ಹೇಳುತ್ತೆ. ಎಂಟು ವರ್ಷ ಮಳೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು, ಪಾರಿವಾಳ ಎಲ್ಲ ಸಹಿಸ್ಕೊಂಡ ಬಣ್ಣ ಬೇರೆ ಅಲ್ವಾ?" ಯಂತ್ರ ಮಾರುವವರು ಈ ಮಾತನ್ನು ಒಪ್ಪಲಿಕ್ಕಿಲ್ಲ. ಫೆನ್ನಾ ಅವರೂ ಒಪ್ಪಿಸಲು ಹೋಗುವುದಿಲ್ಲ.

ದಿನಕ್ಕೆ ಮೂರು ಕಾರು, ಹೆಚ್ಚೆಂದರೆ ನಾಲ್ಕು. ಸೋಪಿನ ನೀರಿನಲ್ಲಿ ತೊಳೆದು, ಜಿಡ್ಡು ತೆಗೆದು, ನೀರು ಹಾಕಿ ನಯವಾದ ಉಪ್ಪುಕಾಗದದಿಂದ ಉಜ್ಜಿ, ಮೂರು ಕೂದಲಿನ ಕುಂಚದಲ್ಲಿ ಬಣ್ಣವನ್ನು ಪದರ ಪದರವಾಗಿ ತುಂಬುತ್ತಾರೆ. ಒಂದು ಪದರ ಒಣಗುವ ತನಕ ಇನ್ನೊಂದನ್ನು ಮುಟ್ಟುವಂತಿಲ್ಲ. ಚಳಿ ಹೆಚ್ಚಾದರೆ ಬಣ್ಣ ಒಣಗುವುದೇ ಇಲ್ಲ, ಹಾಗಾಗಿ ನವೆಂಬರಿನಿಂದ ಫೆಬ್ರವರಿಯವರೆಗೆ ಬಾಡಿಗೆ ಶೆಡ್ಡಿನೊಳಗೆ ಕೆಲಸ. ಎರಡೂ ಮಂಡಿ ಸವೆದಿವೆ. ಅದನ್ನು ಅವರು ದೂರಿನಂತೆ ಹೇಳುವುದಿಲ್ಲ, ನಮ್ಮಲ್ಲಿ ಬಸ್ಸು ತಡವಾದದ್ದನ್ನು ಹೇಳುವಷ್ಟೇ ಸಲೀಸಾಗಿ ಹೇಳುತ್ತಾರೆ.

ಇವರ ಪರಿಚಯ ನನಗಾದದ್ದು ನನ್ನದೇ ಘನಕಾರ್ಯದಿಂದ. ನಮ್ಮ ಬೀದಿಗೊಂದು ಕಾವಲಿನ ವಾಟ್ಸಾಪ್ ಗುಂಪಿದೆ. ಕಳೆದ ಏಪ್ರಿಲ್‌ನಲ್ಲಿ ಒಂದು ಮುಂಜಾನೆ ಕಿಟಕಿಯಾಚೆ ನೋಡಿದರೆ, ಯಾರೋ ಹೆಂಗಸು ಒಂದು ಕಣ್ಣು ಮುಚ್ಚಿಕೊಂಡು ನಿಂತ ಕಾರುಗಳ ಮೈಗೆ ಮೂಗು ತಾಗಿಸಿ ಪರೀಕ್ಷೆ ಮಾಡುತ್ತಿದ್ದಾಳೆ! ಹತ್ತೊಂಬತ್ತು ವರ್ಷದಿಂದ ಈ ಊರಿನಲ್ಲಿದ್ದು ಕಲಿತ ನಾಗರಿಕ ಪ್ರಜ್ಞೆ ಜಾಗೃತವಾಗಿ, ಫೋಟೊ ತೆಗೆದು "ಅನುಮಾನಾಸ್ಪದ ಮಹಿಳೆ, ಎಚ್ಚರ" ಎಂದು ಹಾಕಿಬಿಟ್ಟೆ. ಐದು ನಿಮಿಷದಲ್ಲಿ ಉತ್ತರಗಳು ಬಂದವು. "ಅದು ಫೆನ್ನಾ. ನಮ್ಮ ಕಾರಿನ ಬಾಗಿಲು ಸರಿ ಮಾಡಿದ್ದು ಅವರೇ." "ನಮ್ದೂ." "ಕಳ್ಳಿ ಅಲ್ಲ ಮಾರಾಯ್ರೇ, ನಿಮ್ಮ ಕಾರಿನ ಗೀರು ತೋರಿಸಿ, ಪುಣ್ಯ ಬರುತ್ತೆ."

ನಾಚಿಕೆಯಿಂದ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕಾಫಿ ಕೊಟ್ಟು, ಅವತ್ತು ತಾವು ಮಾಡುತ್ತಿದ್ದುದೇನೆಂದು ಫೆನ್ನಾ ತಾವೇ ಹೇಳಿದರು.

ಮಾರ್ಚ್‌ನಲ್ಲಿ ಅವರ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣಿನ ಸರದಿ ಇನ್ನೂ ಬಂದಿರಲಿಲ್ಲ. ಪಟ್ಟಿ ಬಿಚ್ಚಿ ಇದೇ ಮೇಜಿನ ಮುಂದೆ ಕೂತು ಹಾಲಿನ ಲೋಟ ನೋಡಿದರಂತೆ. ಬಲಗಣ್ಣಿಗೆ ಅಚ್ಚ ಬಿಳಿ. ಎಡಗಣ್ಣಿಗೆ ಅದೇ ಹಾಲಿಗೆ ಟೀ ಬೆರೆಸಿದ ಹಾಗೆ ಹಳದಿ. ಒಂದೊಂದೇ ಕಣ್ಣು ಮುಚ್ಚಿ ತೆರೆದು ಹತ್ತು ಸಲ ನೋಡಿದರು.

"ಹಾಗಾದ್ರೆ ನನ್ನ ಹಲ್ಲು ಯಾವ ಕಣ್ಣಿಗೆ ಬೆಳ್ಳಗಿದೆ ಹೇಳು, ಆ ಕಣ್ಣಲ್ಲೇ ನೋಡ್ತಿರು" ಎಂದರು ಗಂಡ ಹಾರ್ಮ್. ಸರಕು ದೋಣಿ ನಡೆಸಿ ನಿವೃತ್ತರಾದವರು. ಫೆನ್ನಾ ನಗಲಿಲ್ಲ, ಅತ್ತುಬಿಟ್ಟರು.

"ಹಾರ್ಮ್‌ಗೆ ಅರ್ಥ ಆಗ್ಲಿಲ್ಲ. ಹಳದಿ ಗಾಜಿನ ಮೂಲಕ ನೋಡೋರಿಗೆ ನೀಲಿ ಒಂದು ಹನಿ ಹೆಚ್ಚಾದ್ರೂ ಕಾಣಲ್ಲ. ಮೂರು ವರ್ಷದಿಂದ ಪೊರೆ ಬೆಳೀತಿತ್ತು ಅಂದ್ರು ಡಾಕ್ಟ್ರು. ಮೂರು ವರ್ಷದಲ್ಲಿ ನಾನೆಷ್ಟು ಬಿಳಿ ಕಾರಿಗೆ ನೀಲಿ ಕಲೆ ಮಾಡಿಟ್ಟಿದ್ದೀನೋ!"

ಕೆಲಸದ ಡೈರಿ ತೆಗೆದು ನೋಡಿದರೆ ಆ ಮೂರು ವರ್ಷದಲ್ಲಿ ಬಣ್ಣ ತುಂಬಿದ್ದರಲ್ಲಿ ಬಿಳಿ ಮತ್ತು ಬೆಳ್ಳಿ ಬಣ್ಣದವು ಈ ಬಡಾವಣೆಯಲ್ಲೇ ನೂರ ನಲವತ್ತಮೂರು ಕಾರು. ಅಷ್ಟನ್ನೂ ಹುಡುಕಿ ನೋಡುವುದೆಂದು ತೀರ್ಮಾನಿಸಿದರು. ಜೊತೆಗೆ ಗಂಡನ ಮುಂದೆ ಒಂದು ಶಪಥವನ್ನೂ ಮಾಡಿದರು: ತಪ್ಪಿದ್ದನ್ನೆಲ್ಲ ಬಿಟ್ಟಿಯಾಗಿ ಸರಿ ಮಾಡಿಕೊಡುತ್ತೇನೆ, ಆದರೆ ಆ ತಪ್ಪು ಒಬ್ಬ ಗಿರಾಕಿಯ ಕಣ್ಣಿಗಾದರೂ ಬಿದ್ದಿದ್ದರೆ ಕುಂಚ ಕೆಳಗಿಡುತ್ತೇನೆ.

"ಹಠಮಾರಿ ಇವಳು" ಎಂದರು ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದ ಹಾರ್ಮ್.

"ಹಠ ಇಲ್ದಿದ್ರೆ ಮೂವತ್ತು ವರ್ಷ ನಿನ್ನ ಜೊತೆ ಬಾಳೋಕಾಗ್ತಿತ್ತಾ?"

ಹೀಗೆ ಏಪ್ರಿಲ್, ಮೇ ತಿಂಗಳ ಮೋಡದ ಬೆಳಗುಗಳಲ್ಲಿ ಬೀದಿ ಬೀದಿ ಸುತ್ತಿದರು. ನೂರ ಇಪ್ಪತ್ತಾರು ಕಾರು ಸಿಕ್ಕವು, ಉಳಿದವು ಮಾರಾಟವಾಗಿದ್ದವು. ತಪ್ಪಿದ್ದು ಒಂಬತ್ತರಲ್ಲಿ. ನನ್ನಂಥವರಾದರೆ ನೂರ ಹದಿನೇಳು ಸರಿಯಿತ್ತಲ್ಲ ಎಂದು ಹಬ್ಬ ಮಾಡುತ್ತಿದ್ದೆವು. ಅವರು ಒಂಬತ್ತು ಬಾಗಿಲನ್ನೂ ತಟ್ಟಿದರು. ಎಂಟು ಮನೆಯವರು ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿ, "ಎಲ್ಲಿ? ಏನೂ ಕಾಣ್ತಿಲ್ವಲ್ಲ" ಎಂದರು. ಅವರಲ್ಲೊಬ್ಬರಂತೂ ನೋಡಿದ ಮೇಲೆ, ಇದು ಏನೋ ಮಾರುವ ಹೊಸ ಉಪಾಯವಿರಬೇಕೆಂದು ಬಾಗಿಲು ಹಾಕಿಕೊಂಡರಂತೆ.

ಒಂಬತ್ತನೆಯದು ಎಲ್ಟ್ಯೊ ನೀಬೂರ್ ಅವರ ಮನೆ. ವಯಸ್ಸು ಎಪ್ಪತ್ತೆಂಟು, ನಲವತ್ತು ವರ್ಷ ಮನೆಮನೆಗೆ ಹೋಗಿ ಪಿಯಾನೊ ಶ್ರುತಿ ಮಾಡಿದವರು. ಫೆನ್ನಾ ವಿಷಯ ಹೇಳುತ್ತಿದ್ದಂತೆ ಅವರು ಕಾರಿನ ಹತ್ತಿರ ನಡೆದು, ತೋರಿಸುವ ಮೊದಲೇ ಸರಿಯಾದ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ತಾನೆ? ಮೊದಲನೇ ದಿನವೇ ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಷ್ಟು ಶ್ರದ್ಧೆಯಿಂದ ಮಾಡಿದ್ದೆ ನೀನು. ಮನಸ್ಸು ಬರ್ಲಿಲ್ಲ."

ಫೆನ್ನಾ ಪೆಟ್ಟಿಗೆ ಮುಚ್ಚಿದರಂತೆ. "ಆಯ್ತು ಎಲ್ಟ್ಯೊ ಅವ್ರೇ. ಇದೊಂದನ್ನ ಬೇರೆ ಯಾರ ಹತ್ರನಾದ್ರೂ ಸರಿ ಮಾಡಿಸಿ ಕೊಡ್ತೀನಿ. ನಾನಿನ್ನು ಈ ಕೆಲ್ಸ ಬಿಡ್ತೀನಿ" ಎಂದರು.

ಆಗ ಮುದುಕರು ಹೇಳಿದ್ದನ್ನು ಫೆನ್ನಾ ಆಮೇಲೆ ನನಗೆ ಒಂದಕ್ಷರವೂ ಬಿಡದೆ ಒಪ್ಪಿಸಿದರು. "ನೋಡಮ್ಮ, ಅರವತ್ತೈದಾದ ಮೇಲೆ ನನ್ನ ಕಿವಿಗೆ ಮೇಲಿನ ಸ್ವರಗಳು ಕೇಳಿಸ್ತಿರ್ಲಿಲ್ಲ. ನನಗದು ಗೊತ್ತೇ ಇರ್ಲಿಲ್ಲ. ಆರು ವರ್ಷ ಜನರ ಪಿಯಾನೊ ಕೆಡಿಸ್ಕೊಂಡು ತಿರುಗಿದೆ. ಎಲ್ಲರೂ ಕಾಫಿ ಕೊಟ್ರು, ಒಬ್ಬರೂ ಹೇಳ್ಲಿಲ್ಲ. ಕೊನೆಗೆ ಗೊತ್ತಾದ್ಮೇಲೆ ನಾನು ಒಂದು ಮನೆಗೂ ವಾಪಸ್ ಹೋಗ್ಲಿಲ್ಲ. ಮುಖ ಮರೆಸ್ಕೊಂಡು ಮನೇಲಿ ಕೂತೆ. ನೀನು ಬಂದಿದ್ದೀಯ. ಪೆಟ್ಟಿಗೆ ತೆಗಿ."

ಫೆನ್ನಾ ಪೆಟ್ಟಿಗೆ ತೆಗೆದರು. ತಗಡಿನ ತುಂಡಿನ ಮೇಲೆ ಬಿಳಿ ಬಳಿದು ಕಾರಿನ ಬಾಗಿಲಿಗೆ ಹಿಡಿದರು. "ನೀಲಿ ಜಾಸ್ತಿ" ಎಂದರು ಎಲ್ಟ್ಯೊ. ಎರಡನೆಯದಕ್ಕೆ "ಈಗ ಕೆಂಪು ಬಂತು" ಎಂದರು. ಮೂರನೆಯದಕ್ಕೆ ತಲೆ ಅಲ್ಲಾಡಿಸಿದರು. ನಾಲ್ಕನೆಯ ತುಂಡನ್ನು ಹಿಡಿದಾಗ ಅದರ ಅಂಚು ಎಲ್ಲಿದೆಯೆಂದು ಇಬ್ಬರೂ ಹುಡುಕಬೇಕಾಯಿತು.

ಶಪಥ ಮುರಿದದ್ದಕ್ಕೆ ಹಾರ್ಮ್ ಇವತ್ತಿಗೂ ರೇಗಿಸುತ್ತಾರೆ. ಎಡಗಣ್ಣಿನ ಶಸ್ತ್ರಚಿಕಿತ್ಸೆ ಅಕ್ಟೋಬರಿನಲ್ಲಿದೆ. ಅಲ್ಲಿಯ ತನಕ ಬಣ್ಣ ಕಲಸುವಾಗ ಎಡಗಣ್ಣಿನ ಗಾಜಿಗೆ ಟೇಪು ಅಂಟಿಸಿದ ಕನ್ನಡಕ ಹಾಕಿಕೊಳ್ಳುತ್ತಾರೆ, ಕುಂಚ ಹಿಡಿದಾಗ ಗೀರಿನ ಆಳ ತಿಳಿಯಲು ಎರಡೂ ಕಣ್ಣು ಬೇಕೆಂದು ತೆಗೆಯುತ್ತಾರೆ. ಬಿಳಿ ಕಾರಿದ್ದ ದಿನ ಸೈಕಲ್ಲಿನ ಪೆಟ್ಟಿಗೆಯಲ್ಲಿ ಒಂದು ಮಡಚುವ ಕುರ್ಚಿಯೂ ಇರುತ್ತದೆ. ಎಲ್ಟ್ಯೊ ನಡೆದೇ ಬಂದು ಅದರ ಮೇಲೆ ಕೂತು, ಕೋಟಿನ ಕಾಲರ್ ಎತ್ತಿಕೊಂಡು, ಸರಿಯಿಲ್ಲ ಎನ್ನುವುದಕ್ಕೆ ಕಾಯುತ್ತಾರೆ.

ಕಣ್ಣು ಸರಿಯಾದ ಮೇಲೆ ಅವರ ಸಹಾಯ ಬೇಕಾಗುವುದಿಲ್ಲ ಅಲ್ಲವೇ ಎಂದು ಕೇಳಿದೆ. ಫೆನ್ನಾ ಕುಂಚವನ್ನು ಬಟ್ಟೆಯಲ್ಲಿ ಒರೆಸಿದರು.

"ಆಮೇಲೂ ಬರ್ಲಿ ಅಂತ ಆಸೆ ನಂಗೆ. ನನ್ನ ಕಣ್ಣು ಎಷ್ಟೇ ಚೆನ್ನಾಗಿದ್ರೂ ನಾನು ಮಾಡಿದ್ದನ್ನ ಮೆಚ್ಕೊಳ್ಳೋದಕ್ಕೇ ನೋಡುತ್ತೆ. ಅವರ ಕಣ್ಣಿಗೆ ಆ ದಾಕ್ಷಿಣ್ಯ ಇಲ್ಲ, ಈಗ ಬಾಯಿಗೂ ಇಲ್ಲ."