ಕುರಿ ಕದಿಯದ ಎಸೆನ್

ಕಿರ್ಗಿಜ್‌ಸ್ತಾನದ ನಮ್ಮ ಪುಟ್ಟ ಪಟ್ಟಣದಲ್ಲಿ ನನ್ನ ಗೆಳೆಯ ಎಸೆನ್ ಹೆರಾಯಿನ್‌ಗಾಗಿ ಮಸೀದಿಯ ಗೋಡೆಯೊಂದನ್ನು ಬಿಟ್ಟು ಎಲ್ಲವನ್ನೂ ಕದ್ದಿದ್ದ. ಎರಡು ಸಲ ಜೈಲಿಗೆ ಹೋಗಿ, ಚಟವನ್ನು ಇನ್ನಷ್ಟು ಚೆನ್ನಾಗಿ ಕಲಿತು ಬಂದ. ಆಮೇಲೆ ಆಸ್ಪತ್ರೆಯವರು ದಿನಾ ಬೆಳಿಗ್ಗೆ ಹೆರಾಯಿನ್ ಬದಲಿಗೆ ಮೆಥಡೋನ್ ಎಂಬ ಔಷಧಿ ಕುಡಿಸತೊಡಗಿದರು. ಕಳ್ಳತನ ನಿಂತಿತು. ಬಜಾರಿನಲ್ಲಿ ಬೂಟು ಹೊಲಿಯುತ್ತ ಕೂತ.

ಇದರಿಂದ ಪೊಲೀಸರಿಗೂ ಅನುಕೂಲವಾಯಿತು. ಏನು ಕಳೆದರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತರೆ ಸಾಕು, ಕಳ್ಳ ತಾನಾಗಿ ಬರುತ್ತಾನೆ. ನೆರೆಯ ಮಂಬೆತ್‌ನ ಕುರಿ ಕಾಣೆಯಾದಾಗ, "ಇನ್ಯಾರು, ಆ ಪುಡಿಗಳ್ಳನೇ!" ಎಂದು ಅವನು ದೂರು ಕೊಟ್ಟ. ಎಸೆನ್‌ನನ್ನು ಔಷಧಿ ಕುಡಿಯುವ ಮೊದಲೇ ಎಳೆದೊಯ್ದರು.

"ಕಪ್ತಾನಣ್ಣಾ, ದಿನಾ ಔಷಧಿನಾದ್ರೂ ಕುಡಿಸಿ, ಇಲ್ಲಾಂದ್ರೆ ಸತ್ತೇ ಹೋಗ್ತಾನೆ," ಎಂದು ಠಾಣೆಗೆ ಹೋಗಿ ಪೊಲೀಸ್ ಕಪ್ತಾನನನ್ನು ಬೇಡಿಕೊಂಡೆ.

"ಠಾಣೆ ಏನು ಚಹಾದಂಗಡಿನಾ ತಮ್ಮಾ? ಮೊದ್ಲು ತಪ್ಪು ಒಪ್ಕೊಳ್ಳಲಿ, ಆಮೇಲೆ ಕುಡೀಲಿ."

ಎಸೆನ್ ಒಪ್ಪಿಕೊಳ್ಳಲಿಲ್ಲ. ಔಷಧಿ ತಪ್ಪಿ, ಕೆಲವು ದಿನ ವಾಂತಿಭೇದಿಯಿಂದ ಒಣಗಿ ಲಾಕಪ್ಪಿನಲ್ಲೇ ಸತ್ತ. ಕುರಿ ಮರುದಿನ ತಾನೇ ನಡೆದು ಮನೆಗೆ ಬಂತು.

ಮಣ್ಣು ಮಾಡುವ ಮುಂಚೆ, ಪದ್ಧತಿಯಂತೆ, ಇಮಾಮರು ನೆರೆದವರನ್ನು ಕೇಳಿದರು: "ಈತ ಎಂಥಾ ಮನುಷ್ಯ ಆಗಿದ್ದ?"

"ಒಳ್ಳೆ ಮನುಷ್ಯ!" ಎಂದು ಎಲ್ಲರೂ ಒಟ್ಟಿಗೆ ಸಾಕ್ಷಿ ಹೇಳಿದರು. ಮಂಬೆತ್‌ನ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಠಾಣೆಯಲ್ಲಿ ಇದೇ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಲ್ಲ, ಪಾಪ, ಊರವರೇನು ಮಾಡಿಯಾರು?