ಬಾಗಿಲಿಗೊಂದು ಸಿಂಬಿ

ಯಾರ ಮನೆಗಾದರೂ ತೋರಣ ಮಾಡಿಕೊಡುವ ಮೊದಲು ನಮ್ಮ ಅತ್ತೆ ಆ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಕುಡಿಯುತ್ತಾರೆ. ಬಾಯಾರಿಕೆಗಲ್ಲ. ನೀರು ಎಂಥ ಲೋಟದಲ್ಲಿ ಬರುತ್ತದೆ, ತರುವವರು ಎಷ್ಟು ಹೊತ್ತು ಮಾಡುತ್ತಾರೆ, ಅಷ್ಟರಲ್ಲಿ ಗೋಡೆಯ ಮೇಲೆ ಏನೇನು ಕಾಣುತ್ತದೆ, ಅವರಿಗೆ ಅಷ್ಟು ಸಾಕು. ಹೊರಗೆ ಬಂದವರೇ "ಈ ಮನಿಗೆ ಜರಿ ಬ್ಯಾಡ, ಜ್ವಾಳದ ತೆನಿ ಸಾಕು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ತಪ್ಪಿದ್ದನ್ನು ನಾನು ಕಂಡಿಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ಬರೀ ಬೆರಗು.

ನಾಂಪಲ್ಲಿಯ ಕಚೇರಿಯಿಂದ ನಿವೃತ್ತಳಾಗಿ, ಗಚ್ಚಿಬೌಲಿಯ ಈ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ನಾನೂ ಅವರ ಜೊತೆ ಈ ಕೆಲಸಕ್ಕಿಳಿದೆ. ಹೂವಿನ ಸಂಗಡ ನಾರು. ಕೋಠಿ ಪೇಟೆಗೆ ಹೋಗಿ ಲೇಸು, ಮಣಿ, ರಿಬ್ಬನ್ ತರುವುದು ನಾನು; ಬಣ್ಣ ಕೂಡಿಸಿ ಹೆಣೆಯುವುದು ಅವರು; ಬಾಗಿಲಿಗೆ ಕಟ್ಟುವುದು ಮತ್ತೆ ನಾನು. ಮಾವ ತೀರಿಕೊಂಡು ಇಪ್ಪತ್ತೊಂದು ವರ್ಷವಾಯಿತು. ಅಂದಿನಿಂದ ಅತ್ತೆ ತೋರಣ ಹೆಣೆಯದ ಹಬ್ಬವಿಲ್ಲ, ಆದರೆ ಒಂದನ್ನೂ ತಮ್ಮ ಕೈಯಿಂದ ಬಾಗಿಲಿಗೆ ಕಟ್ಟಿಲ್ಲ. ಮುತ್ತೈದೆಯರೇ ಕಟ್ಟಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. "ನಿನ್ನ ಕೈ ಚಲೋ ಐತಿ, ನೀನ ಕಟ್ಟು" ಎನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದು ಜಂಬದಿಂದ ಸ್ಟೂಲು ಹತ್ತುತ್ತಿದ್ದೆ. ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟು, ನೆಟ್ಟಗಿದೆಯೆಂದು ಖಾತ್ರಿಯಾದ ಮೇಲೆಯೇ ಕೆಳಗಿಳಿಯುವುದು. ನಾನು ಕಟ್ಟಿದ್ದನ್ನು ಯಾರಾದರೂ ಸೊಟ್ಟ ಎಂದರೆ ಆ ದಿನ ಅವರ ಗ್ರಹಚಾರ ನೆಟ್ಟಗಿಲ್ಲ ಎಂದೇ ಅರ್ಥ. ನನ್ನ ಗಂಡ ಒಮ್ಮೆ ಅಂದು ನೋಡಿದ್ದಾರೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ಮಹಡಿಯ ಮಕ್ಕಳೆಲ್ಲ ಸೇರಿ, ಈ ಸಲ ಕ್ರಿಸ್‌ಮಸ್ಸಿಗೆ ಎಲ್ಲ ಬಾಗಿಲಿಗೂ ದುಂಡನೆಯ ಹೂಚಕ್ರ ಬೇಕೆಂದು ಹಟ ಹಿಡಿದವು. ಫೋನಿನಲ್ಲಿ ಚಿತ್ರ ನೋಡಿದ ಅತ್ತೆ, "ಇದು ಸಿಂಬಿ ಅಲ್ಲೇನ? ಹಂಗಾರ ಕೊಡ ಎಲ್ಲೈತಿ?" ಎಂದರು. ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿಯೇ ಸಿಂಬಿ. ಚಿಕ್ಕಂದಿನಲ್ಲಿ ಅವರು ದಿನವೂ ಸುತ್ತಿದ್ದು. ಹಳೆಯ ಸೀರೆಗಳನ್ನು ಹರಿದು, ತಿರುಚಿ, ಅಂಗಡಿಯವರು ತಂತಿಯಲ್ಲಿ ಮಾಡುವ ಚಕ್ರವನ್ನು ಅವರು ಬಟ್ಟೆಯಲ್ಲೇ ಮಾಡಿ ಸಾಲಾಗಿ ಜೋಡಿಸಿದರು. ಆಮೇಲೆ ಮನೆಮನೆಗೆ ನೀರು ಕುಡಿಯಲು ಹೊರಟರು. ಮದುವೆಯಾಗಿ ಮೂರು ತಿಂಗಳಾಗಿದ್ದ ಜೋಡಿಗೆ ಕೈತಗಲಿದರೆ ಘಲ್ಲೆನ್ನುವ ಗೆಜ್ಜೆಯ ಸಿಂಬಿ. ಏನೂ ಮಿಂಚಬಾರದು ಎನ್ನುವ ಡಾಕ್ಟರಿಗೆ ಬಿರಿದ ಹತ್ತಿಕಾಯಿ. ಕಂಡದ್ದೆಲ್ಲ ಕಡಿಯುವ ನಾಯಿಯಿರುವ ಮನೆಗೆ ಒಣಮೆಣಸಿನಕಾಯಿ! ನಾಯಿ ಒಂದೇ ಸಲ ಮೂಸಿ ನೋಡಿತಂತೆ. ನಮ್ಮ ಮನೆಗೆ ಜೋಳದ ತೆನೆ.

ಮಹಡಿಯಲ್ಲಿ ಎಂಟು ಬಾಗಿಲು, ನಾನು ಕಟ್ಟಿದ್ದು ಏಳಕ್ಕೆ. ಬಿಟ್ಟದ್ದು ಎದುರುಮನೆಯ ಬಾಗಿಲು. ಮಹಡಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ಆ ಮನೆಯಾಕೆಯ ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಶ್ರಾವಣದಲ್ಲಿ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ತೋರಣವಿಲ್ಲ. ನಮ್ಮಲ್ಲಿ ಅದನ್ನು ಯಾರೂ ಕೇಳುವುದೂ ಇಲ್ಲ. ಕೇಳಿದರೆ ಆಕೆಯ ಮನಸ್ಸು ನೋಯುತ್ತದೆಂದು ನಾನೂ ಕೇಳಲಿಲ್ಲ. ಭಾಳ ತಿಳಿದವಳಂತೆ ಆ ಬಾಗಿಲಿನ ಮುಂದೆ ಸದ್ದಾಗದ ಹಾಗೆ ಸ್ಟೂಲು ಎತ್ತಿಕೊಂಡು ಹೋದೆ.

ಮರುದಿನ ಬೆಳಿಗ್ಗೆ ಚರ್ಚಿನಿಂದ ಬಂದ ಆಕೆ ಒಂದೊಂದೇ ಬಾಗಿಲಿನ ಮುಂದೆ ನಿಂತು ನೋಡಿ, ಕೊನೆಗೆ ನಮ್ಮ ಬೆಲ್ ಒತ್ತಿದರು.

"ಏಳು ಬಾಗಿಲಿಗೆ ಕಟ್ಟಿದ್ದೀರಿ. ನನ್ನ ಬಾಗಿಲು ಏನು ತಪ್ಪು ಮಾಡಿತು?" ಎಂದು ತೆಲುಗಿನಲ್ಲಿ ಕೇಳಿದರು.

ನಾನು ತಡವರಿಸುತ್ತ ನಮ್ಮ ಪದ್ಧತಿ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ನಿಮ್ಮಲ್ಲಿ ಹಾಗಿರಬಹುದು. ನಾಳೆ ಮಗಳು ಬರುತ್ತಾಳೆ. ಪ್ರತಿ ವರ್ಷ ಅವರಪ್ಪನೇ ಕಟ್ಟುತ್ತಿದ್ದರು. ಅಪ್ಪ ಇಲ್ಲ ಎಂದು ಅವಳಿಗೆ ಬಾಗಿಲೇ ಮೊದಲು ಹೇಳಬೇಕೇನು?" ಎಂದರು. ಅವರ ಕಣ್ಣು ತುಂಬಿತ್ತು.

ಒಳಗಿದ್ದ ಅತ್ತೆ ಎದ್ದು ಬಂದರು. ಆಕೆಯ ಕೈ ಹಿಡಿದು, ತಮಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ, ಒಂದು ಲೋಟ ನೀರು ಕೊಡುತ್ತೀಯಾ ಎಂದು ಕೇಳಿದರು.

ಮೂವರೂ ಎದುರುಮನೆಯೊಳಗೆ ಹೋದೆವು. ಬಾಗಿಲ ಹಿಂದೆ ಒಂದು ಮೊಳೆ, ಅದಕ್ಕೆ ಗಾರ್ಡಿನ ಹಳೆಯ ಚೀಲ. ಚೀಲದಿಂದ ಎರಡು ಬಾವುಟಗಳ ಕೋಲು ಹೊರಗೆ ಕಾಣುತ್ತಿತ್ತು, ಒಂದು ಕೆಂಪು, ಒಂದು ಹಸಿರು. ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟು, "ಆ ಹಸರಂದು ಕೊಡ್ತಾಳೇನ ಕೇಳು" ಎಂದರು.

ಸತ್ತವರ ವಸ್ತುವನ್ನು ಹಬ್ಬದ ಬಾಗಿಲಿಗೆ? ಅದೂ ಮಡಿ ಮೈಲಿಗೆ ಎಂದು ಜೀವ ತೇಯ್ದ ನಮ್ಮ ಅತ್ತೆಯ ಬಾಯಲ್ಲಿ? ಆದರೂ ಕೇಳಿದೆ. ಆಕೆ ಬಾವುಟ ಬಿಚ್ಚಿ, ಅದನ್ನು ಮುಖಕ್ಕೊತ್ತಿಕೊಂಡರು. ಆಮೇಲೆ ತಾವೇ ಕೋಲಿನಿಂದ ಬಟ್ಟೆ ಬಿಡಿಸಿ ಅತ್ತೆಯ ಮಡಿಲಿಗೆ ಹಾಕಿದರು. "ಹಸಿರು ತೋರಿಸಿದ ಮೇಲೆ ಗಾಡಿ ನಿಲ್ಲಬಾರದು ಅನ್ನುತ್ತಿದ್ದರು" ಎಂದರು.

ಅತ್ತೆ ಅಲ್ಲಿಯೇ ನೆಲದ ಮೇಲೆ ಕುಳಿತು, ಉಳಿದಿದ್ದ ಒಂದು ಸಿಂಬಿಗೆ ಆ ಬಟ್ಟೆ ಸುತ್ತಿದರು. ನಾನು ತಂದಿಟ್ಟ ಮಣಿ, ರಿಬ್ಬನ್ ಒಂದನ್ನೂ ಮುಟ್ಟಲಿಲ್ಲ. ಬಾವುಟದ ಒಂದು ಅಂಚು ಬೆವರಿಗೆ ಕಪ್ಪಾಗಿತ್ತು, ವರ್ಷಗಟ್ಟಲೆ ಆಕೆಯ ಗಂಡನ ಮುಷ್ಟಿ ಹಿಡಿದ ಜಾಗ. ನಾನಾಗಿದ್ದರೆ ಅದನ್ನು ಒಳಗೆ ಮಡಚುತ್ತಿದ್ದೆ. ಅತ್ತೆ ಅದೇ ಜಾಗ ಎದುರಿಗೆ ಕಾಣುವಂತೆ ಸುತ್ತಿ ಹೊಲಿಗೆ ಹಾಕಿದರು. ನಲವತ್ತು ವರ್ಷ ಒಂದೇ ಮನೆಯಲ್ಲಿ ಇವರ ಜೊತೆ ಉಂಡಿದ್ದೇನೆ, ಇವರು ಯಾರು ಎಂದು ಆ ಹೊತ್ತಿನಲ್ಲಿ ನನಗೆ ಗೊತ್ತಿರಲಿಲ್ಲ.

ಕಟ್ಟುವ ಸಮಯ ಬಂತು. ರೂಢಿಯಂತೆ ನಾನು ಸ್ಟೂಲು ಇಟ್ಟು, ದಾರ ಹಿಡಿದು ಮುಂದೆ ಹೋದೆ.

"ಇಲ್ಲಿ ಕೊಡಿ, ನಾನೇ ಕಟ್ಟುತ್ತೇನೆ" ಎಂದರು ಆಕೆ.

ನೀವು ಕಟ್ಟಬಾರದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಹೇಗೋ ನುಂಗಿಕೊಂಡೆ. ಆಕೆ ಸ್ಟೂಲು ಹತ್ತಿ, ಬಾಗಿಲಿನ ಹೊರಗಡೆ ಗಂಡನೇ ಹೊಡೆದಿದ್ದ ಮೊಳೆಗೆ ಸಿಂಬಿ ತೂಗುಹಾಕಿ ಇಳಿದರು. ಅದು ಎಡಕ್ಕೆ ಸ್ವಲ್ಪ ವಾಲಿತ್ತು. ನನ್ನ ಕೈ ತುರಿಸಿತು, ಬೆನ್ನ ಹಿಂದೆ ಕಟ್ಟಿಕೊಂಡೆ.

ಅತ್ತೆ ನೋಡುತ್ತಿದ್ದದ್ದು ಸಿಂಬಿಯನ್ನಲ್ಲ, ಆಕೆಯ ಕೈಗಳನ್ನು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ನಮ್ಮ ಬಾಗಿಲಿನ ಕಡೆ ತಿರುಗಿ, ಯಾರ ಮುಖವನ್ನೂ ನೋಡದೆ ಹೇಳಿದರು:

"ನಮ್ಮದು ಸ್ವಲ್ಪ ಸೊಟ್ಟ ಆಗೈತಿ. ನಾ ಸರಿ ಮಾಡ್ಲೇನ?"

ಹಿಂದಿನ ದಿನ ದಾರ ಇಳಿಬಿಟ್ಟು, ಎರಡು ಸಲ ನೋಡಿ ಕಟ್ಟಿದ್ದೆ. ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ.

"ಹೌದ್ರಿ ಅತ್ತಿ, ಭಾಳ ಸೊಟ್ಟ ಆಗೈತಿ" ಎಂದೆ. ಸ್ಟೂಲು ತಂದಿಟ್ಟು, ಅವರ ಸೊಂಟ ಹಿಡಿದುಕೊಂಡೆ.